ಸೆರಗು ಹಾರದ ಎತ್ತರ

ಬಲೂನಿನಲ್ಲಿ ಕೂತು ಫೋಟೋ ತೆಗೆಯಬೇಕು ಅನ್ನುವವರಿಗೆ ಮೊದಲು ಹೇಳಬೇಕಾದ ಮಾತು: ಅಲ್ಲಿ ಕೂರುವುದಕ್ಕೆ ಜಾಗವೇ ಇರುವುದಿಲ್ಲ. ಎದೆಮಟ್ಟದ ಬೆತ್ತದ ಬುಟ್ಟಿ. ಅದರೊಳಗೆ ಗೂಡು ಗೂಡಾಗಿ ಅಡ್ಡಗೋಡೆ, ಒಂದೊಂದು ಗೂಡಿನಲ್ಲಿ ನಾಲ್ಕೈದು ಜನ, ನಡುಗೂಡಿನಲ್ಲಿ ಪೈಲಟ್ಟು ಮತ್ತು ಅವನ ಗ್ಯಾಸ್ ಸಿಲಿಂಡರುಗಳು. ಹತ್ತಿದಾಗಿನಿಂದ ಇಳಿಯುವ ತನಕ ನಿಂತೇ ಇರಬೇಕು. ಇದನ್ನು ಕೇಳಿ ಪಕ್ಕದ ಮನೆ ಸರೋಜಮ್ಮನಿಗೆ ಬಹಳ ನಿರಾಸೆಯಾಯಿತು.

"ಅಷ್ಟೊಂದು ದುಡ್ಡು ಇಸ್ಕೊಂಡು ಒಂದು ಕುರ್ಚೀನೂ ಹಾಕಲ್ವಾ ಅಣ್ಣಾ?"

ವಿಷಯ ಏನೆಂದರೆ, ಅವರ ಮಗಳು ಶ್ರುತಿ ಮತ್ತು ಅಳಿಯ ಟರ್ಕಿಗೆ ಹೊರಟಿದ್ದಾರೆ. ಹೊಸದಾಗಿ ಮದುವೆಯಾದವರು ಕಪಡೋಕಿಯಾದ ಗೋರೆಮೆ ಊರಿಗೆ ಹೋಗಿ ಬಲೂನು ಹತ್ತದಿದ್ದರೆ ಈಗ ಮದುವೆಯೇ ಪೂರ್ತಿಯಾಗುವುದಿಲ್ಲ ಅಂತ ಕಾಣುತ್ತದೆ. ನನ್ನ ಮಗ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮೇಲಾಗಿ ನಾನು ನಂಜನಗೂಡಿನಲ್ಲಿ ತುಂಬಾ ವರ್ಷ ಸ್ಟುಡಿಯೋ ಇಟ್ಟಿದ್ದವನು. ಹಾಗಾಗಿ ಸರೋಜಮ್ಮ ನಮ್ಮ ಗಿಡದ ಕರಿಬೇವು ಕೀಳುವಾಗೆಲ್ಲ ಕಾಂಪೌಂಡಿನ ಆಚೆಯಿಂದ ಒಂದು ಪ್ರಶ್ನೆ ಬರುತ್ತದೆ. ಈಚೆಯಿಂದ ನನ್ನ ಉತ್ತರ, ಕೇಳಿದ್ದಕ್ಕಿಂತ ನಾಲ್ಕು ಪಟ್ಟು ಉದ್ದ.

ಎತ್ತರದಿಂದ ಫೋಟೋ ತೆಗೆಯುವುದು ನಮಗೇನೂ ಹೊಸದಲ್ಲ. ದೊಡ್ಡ ಜಾತ್ರೆಯ ದಿನ ಗೌತಮ ರಥ ಬರುವ ಹೊತ್ತಿಗೆ ರಥಬೀದಿಯ ಯಾವುದಾದರೂ ಮಹಡಿ ಮನೆಯವರನ್ನು ಕಾಡಿ ಬೇಡಿ ಟೆರೇಸು ಹತ್ತಿ ನಿಲ್ಲುತ್ತಿದ್ದೆ. ಆದರೆ ಟೆರೇಸು ನಿಂತಲ್ಲೇ ಇರುತ್ತದೆ, ತೇರು ಹತ್ತಿರ ಬರುತ್ತದೆ. ಬಲೂನಿನಲ್ಲಿ ತೇರು ನಿಂತಿರುತ್ತದೆ, ಟೆರೇಸೇ ಹೊರಟುಹೋಗುತ್ತದೆ. ಅದಕ್ಕೆ ಸ್ಟೇರಿಂಗ್ ಇಲ್ಲ, ಬ್ರೇಕಿಲ್ಲ. ಪೈಲಟ್ಟು ಏರಿಸಬಹುದು, ಇಳಿಸಬಹುದು. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತಿರುತ್ತದಲ್ಲ, ಅದನ್ನು ಹುಡುಕಿ ಹಿಡಿದು ದಾರಿ ಮಾಡಿಕೊಳ್ಳಬಹುದು. ಅಷ್ಟೇ ಅವನ ಕೈಲಿರುವುದು. "ಒಂಚೂರು ಎಡಕ್ಕೆ ಬನ್ನಿ, ಗದ್ದ ಎತ್ತಿ" ಅನ್ನುವ ನಮ್ಮ ಸ್ಟುಡಿಯೋ ದರ್ಬಾರು ಅಲ್ಲಿ ನಡೆಯುವುದಿಲ್ಲ. ಸಿಕ್ಕಿದ ಜಾಗದಲ್ಲಿ, ಸಿಕ್ಕಿದ ಬೆಳಕಿನಲ್ಲಿ, ಜೇಬಿನಲ್ಲಿ ಇರುವುದರಲ್ಲಿ ಹೊಂದಿಸಿಕೊಳ್ಳಬೇಕು.

ಈ ಹೊಂದಿಸಿಕೊಳ್ಳುವ ಬುದ್ಧಿ ಮೊಟ್ಟಮೊದಲ ಬಲೂನು ಫೋಟೋದಷ್ಟೇ ಹಳೆಯದು. ಪ್ಯಾರಿಸ್ಸಿನಲ್ಲಿ ನಾದಾರ್ ಅಂತ ಒಬ್ಬನಿದ್ದ. ಹುಟ್ಟಿನ ಹೆಸರು ಗಾಸ್ಪಾರ್ ಫೆಲಿಕ್ಸ್ ತೂರ್ನಾಶೋನ್. ಮೊದಲು ವ್ಯಂಗ್ಯಚಿತ್ರ ಬರೆಯುತ್ತಿದ್ದ, ಆಮೇಲೆ ಸ್ಟುಡಿಯೋ ತೆರೆದು ಆ ಕಾಲದ ಹೆಸರಾಂತ ಸಾಹಿತಿ ಕಲಾವಿದರನ್ನೆಲ್ಲ ಕ್ಯಾಮೆರಾ ಮುಂದೆ ಕೂರಿಸಿದ. 1858ರಲ್ಲಿ ಈ ಪುಣ್ಯಾತ್ಮನಿಗೆ ಆಕಾಶದಿಂದ ಫೋಟೋ ತೆಗೆಯುವ ಹುಚ್ಚು ಹತ್ತಿತು.

"ಆಗ ರೋಲು ಸಿಗ್ತಿತ್ತಾ?" ಅಂದರು ಸರೋಜಮ್ಮ. ಅವರ ಮದುವೆಯ ಆಲ್ಬಮ್ಮು ನನ್ನದೇ ಸ್ಟುಡಿಯೋದ್ದು, ಹಾಗಾಗಿ ರೋಲು, ಹೈಪೊ ಎಲ್ಲ ಗೊತ್ತು.

ರೋಲೆಲ್ಲಿ ಬಂತು, ಗಾಜು. ಗಾಜಿನ ಮೇಲೆ ಕೊಲೋಡಿಯನ್ ಅನ್ನುವ ಅಂಟುದ್ರಾವಣ ಸುರಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ, ಹಸಿ ಆರುವ ಮುಂಚೆಯೇ ತೊಳೆದು ಮುಗಿಸಬೇಕು. ಒಣಗಿತೋ, ಕೆಟ್ಟಿತು. ಹೆಚ್ಚೆಂದರೆ ಕಾಲು ಗಂಟೆಯ ಆಟ. ಅಂದರೆ ಮೇಲೆ ಹೋಗುವವನು ಡಾರ್ಕ್ ರೂಮನ್ನೂ ಹೊತ್ತುಕೊಂಡೇ ಹೋಗಬೇಕು. ನಾದಾರ್ ಬುಟ್ಟಿಯ ಮೇಲೇ ಕಪ್ಪು ಮತ್ತು ಕಿತ್ತಳೆ ಬಟ್ಟೆಯ ಡೇರೆ ಕಟ್ಟಿದ. ಕೆಳಗೆ ಹಗ್ಗ ಕಟ್ಟಿ ಬಲೂನನ್ನು ಒಂದೇ ಕಡೆ ನಿಲ್ಲಿಸಿದರು. ಮೇಲೆ ಹೋಗಿ ಗಾಜು ತೊಳೆದರೆ ಕಪ್ಪು. ಇನ್ನೊಂದು ಗಾಜು, ಅದೂ ಕಪ್ಪು. ಬಟ್ಟೆಯಲ್ಲಿ ಸಂದಿ ಇದೆಯೇನೋ ಅಂತ ಹುಡುಕಿದ್ದಾಯಿತು, ರಾಸಾಯನಿಕ ಬದಲಾಯಿಸಿದ್ದಾಯಿತು. ಫಾಗ್ ಹೊಡೆದ ಪ್ಲೇಟನ್ನು ಹಿಡಿದುಕೊಂಡು ಬೆಳಕು ಎಲ್ಲಿಂದ ನುಗ್ಗಿತು ಅಂತ ತಲೆ ಕೆಡಿಸಿಕೊಳ್ಳುವ ಸಂಕಟ ಡಾರ್ಕ್ ರೂಮಿನಲ್ಲಿ ಬೆವರಿದವರಿಗೇ ಗೊತ್ತು.

ಕೊನೆಗೆ ನೋಡಿದರೆ ತಪ್ಪು ಬೆಳಕಿನದ್ದಲ್ಲ, ಬಲೂನಿನದ್ದೇ. ಅದು ಈಗಿನಂತೆ ಬಿಸಿಗಾಳಿಯ ಬಲೂನಲ್ಲ. ಬೀದಿದೀಪಕ್ಕೆ ಉರಿಸುತ್ತಿದ್ದ ಕಲ್ಲಿದ್ದಲ ಅನಿಲ ತುಂಬಿದ್ದು. ಮೇಲೆ ಹೋದಂತೆ ಅನಿಲ ಹಿಗ್ಗುತ್ತದೆ, ಬಲೂನು ಒಡೆಯದಿರಲಿ ಅಂತ ಕೆಳಗಿನ ಬಾಯಿ ತೆರೆದೇ ಇಟ್ಟಿರುತ್ತಿದ್ದರು. ಆ ಬಾಯಿಯ ನೇರ ಕೆಳಗೆ ಇವನ ಡೇರೆ. ಅನಿಲದಲ್ಲಿದ್ದ ಗಂಧಕದ ಅಂಶ ಸೀದಾ ಬಂದು ಬೆಳ್ಳಿಯ ದ್ರಾವಣಕ್ಕೆ ಇಳಿಯುತ್ತಿತ್ತು.

"ಅಯ್ಯೋ, ನಮ್ಮ ದೇವರ ಮನೆ ಬೆಳ್ಳಿ ದೀಪ ಕಪ್ಪಾಗತ್ತಲ್ಲ, ಹಂಗೆ?"

ಹಂಗೆ ಅಂತಲ್ಲ ಸರೋಜಮ್ಮ, ಅದೇ. ದೀಪವಾದರೆ ವಿಭೂತಿ ಹಾಕಿ ಉಜ್ಜಿದರೆ ಹೋಗುತ್ತದೆ, ಪ್ಲೇಟಿಗೆ ಆ ಭಾಗ್ಯ ಇಲ್ಲ.

ಚಿತ್ರ ಬಂದ ದಿನ ನಾದಾರ್ ಮಾಡಿದ್ದನ್ನು ನೋಡಿ. ಬಲೂನಿನ ಬಾಯಿ ಮುಚ್ಚಿಸಿದ. ಆದರೆ ಅವತ್ತು ಒಳಗೆ ಅನಿಲವೇ ಕಡಿಮೆ, ಭಾರ ಎತ್ತಲೊಲ್ಲದು. ಸರಿ, ಡೇರೆ ಬಿಚ್ಚಿ ಕೆಳಗೇ ಇಟ್ಟ. ಪ್ಲೇಟು ನೆಲದ ಮೇಲೇ ತಯಾರಾಯಿತು. ಇನ್ನೂ ಏರಲಿಲ್ಲ ಅಂತ ಮೈಮೇಲಿನ ಬಟ್ಟೆಯನ್ನೂ ಕಳಚಿದನಂತೆ. ಹಾಗೆ ಸುಮಾರು 80 ಮೀಟರು ಏರಿ, ಒಂದು ಚಿತ್ರ ಹೊಡೆದು, ಇಳಿದು ಬಂದು ತೊಳೆದರೆ ಮಸುಕು ಮಸುಕಾಗಿ ಪೆತಿ ಬಿಸೆತ್ರ್ ಅನ್ನುವ ಹಳ್ಳಿ ಮೂಡಿತ್ತು. ಒಂದು ತೋಟದ ಮನೆ, ಒಂದು ಹೋಟೆಲು, ಒಂದು ಪೊಲೀಸು ಚೌಕಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಬಲೂನನ್ನೇ ನೋಡುತ್ತಿದ್ದ ಗಾಡಿಯವನು. ಹೆಂಚಿನ ಮೇಲೆ ಆಗತಾನೇ ಬಂದು ಕೂತ ಎರಡು ಬಿಳಿ ಪಾರಿವಾಳ. ಇಷ್ಟೆಲ್ಲ ಕಾಣುತ್ತಿತ್ತು ಅಂತ ಮುಪ್ಪಿನಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ. ಆ ಪ್ಲೇಟು ಉಳಿದಿಲ್ಲ, ಆದ್ದರಿಂದ ಪಾರಿವಾಳದ ವಿಷಯದಲ್ಲಿ ಅವನ ಮಾತನ್ನು ನಂಬಬೇಕು ಅಷ್ಟೆ. ಸ್ಟುಡಿಯೋದವರು ತಮ್ಮ ಕಳೆದುಹೋದ ಫೋಟೋ ಬಗ್ಗೆ ಹೇಳುವಾಗ ಒಂದೆರಡು ಪಾರಿವಾಳ ಸೇರಿಕೊಳ್ಳುವುದುಂಟು. ನಾನು ಸಂಶಯಪಟ್ಟರೆ ವೃತ್ತಿದ್ರೋಹ.

1862ರಲ್ಲಿ ದೋಮಿಯೆ ಅನ್ನುವ ಚಿತ್ರಕಾರ ನಾದಾರನ ಮೇಲೆ ಒಂದು ವ್ಯಂಗ್ಯಚಿತ್ರ ಬರೆದ. ಪ್ಯಾರಿಸ್ಸಿನ ಮೇಲೆ ಬುಟ್ಟಿಯಲ್ಲಿ ಬಗ್ಗಿ ಕ್ಯಾಮೆರಾ ಹಿಡಿದಿದ್ದಾನೆ, ಟೋಪಿ ಹಾರಿಹೋಗುತ್ತಿದೆ, ಕೆಳಗೆ ಒಂದೊಂದು ಕಟ್ಟಡದ ಮೇಲೂ ಫೋಟೋ ಸ್ಟುಡಿಯೋದ ಬೋರ್ಡು. ಆ ಟೋಪಿಯ ಮೇಲೆ ನನಗೆ ಒಂದು ತಕರಾರಿದೆ, ಆಮೇಲೆ ಹೇಳುತ್ತೇನೆ.

ಅಮೆರಿಕದ ಬಾಸ್ಟನ್ನಿನಲ್ಲಿ 1860ರ ಅಕ್ಟೋಬರ್ 13ರಂದು ಜೇಮ್ಸ್ ವಾಲೇಸ್ ಬ್ಲ್ಯಾಕ್ ಎಂಬಾತ, ಬಲೂನು ಹಾರಿಸುವ ಸಾಮ್ಯುಯೆಲ್ ಕಿಂಗ್ ಜೊತೆ 1200 ಅಡಿ ಏರಿ ಎಂಟು ಪ್ಲೇಟು ಹೊಡೆದ. ಅದರಲ್ಲಿ ಚೆನ್ನಾಗಿ ಬಂದದ್ದು ಒಂದೇ. ಆಕಾಶದಿಂದ ತೆಗೆದ ಫೋಟೋಗಳಲ್ಲಿ ಇವತ್ತಿಗೆ ಉಳಿದಿರುವ ಅತಿ ಹಳೆಯದು ಅದೇ. ಎಂಟಕ್ಕೆ ಒಂದು. ಈಗಿನ ಮಕ್ಕಳು ಎಂಟುನೂರು ಹೊಡೆದು ಒಂದನ್ನು ಸ್ಟೇಟಸ್ಸಿಗೆ ಹಾಕುತ್ತಾರೆ, ಲೆಕ್ಕದಲ್ಲಿ ಬ್ಲ್ಯಾಕನೇ ವಾಸಿ.

"ಅದೆಲ್ಲ ಸರಿ ಅಣ್ಣಾ, ನಮ್ಮ ಶ್ರುತಿ ಗಾಜು ಗೀಜು ತಗೊಂಡು ಹೋಗಲ್ಲ. ಮೊಬೈಲು, ಅಳಿಯಂದ್ರದ್ದು ಒಂದು ಕ್ಯಾಮೆರಾ."

ಸರಿ, ಈಗಿನ ಕಥೆಗೆ ಬರೋಣ. ಬಿಸಿಗಾಳಿಯ ಬಲೂನಿನಲ್ಲಿ ಮನುಷ್ಯ ಹಾರಿದ್ದು 1783ರಷ್ಟು ಹಿಂದೆಯೇ, ಪ್ಯಾರಿಸ್ಸಿನಲ್ಲೇ. ಆದರೆ ಸಿಲಿಂಡರಿನಿಂದ ಪ್ರೊಪೇನ್ ಗ್ಯಾಸು ಉರಿಸುವ ಇವತ್ತಿನ ಬಗೆಯ ಬಲೂನು 1960ರದ್ದು, ಅಮೆರಿಕದ ಎಡ್ ಯೋಸ್ಟ್ ಹಾರಿಸಿದ್ದು. ಇದರಲ್ಲಿ ಗಂಧಕದ ಕಾಟ ಇಲ್ಲ. ಬದಲಿಗೆ ತಲೆಯ ಮೇಲೆ ಬೆಂಕಿ, ಕಾಲ ಕೆಳಗೆ ಅದುರು, ಪಕ್ಕದಲ್ಲಿ ಯಾರದ್ದೋ ಮೊಣಕೈ.

ಬೆಂಕಿಗೆ ಟೋಪಿ. ಶ್ರುತಿಗಿಂತ ಅಳಿಯನಿಗೆ ಇದು ಮುಖ್ಯ, ಅವರು ಉದ್ದ. ಬರ್ನರ್ ಹೊತ್ತಿದಾಗ ನೆತ್ತಿ ಕಾಯುತ್ತದೆ. ಕೆಳಗೆ ಚಳಿ, ಮೇಲೆ ಒಲೆ. ಚಳಿಗೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇನ್ನೊಂದು ಬ್ಯಾಟರಿ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇರಲಿ.

ಅದುರಿನ ವಿಷಯ ಬಹಳ ಜನಕ್ಕೆ ತಿಳಿಯುವುದಿಲ್ಲ. ಬುಟ್ಟಿಯ ಅಂಚು ಕೈಗೆ ಸಿಗುವ ಹಾಗಿದೆ ಅಂತ ಮೊಣಕೈ ಊರಿ ಕ್ಯಾಮೆರಾ ಹಿಡಿಯುತ್ತಾರೆ. ಬೆತ್ತದ ಬುಟ್ಟಿ ಬಳುಕುವುದಕ್ಕೆಂದೇ ಬೆತ್ತದ್ದು. ಇಳಿಯುವಾಗಿನ ಪೆಟ್ಟನ್ನು ಅದು ನುಂಗಿಕೊಳ್ಳಬೇಕು. ಯಾರೋ ಒಬ್ಬರು ಕಾಲು ಬದಲಿಸಿದರೂ ಆ ಅಲುಗಾಟ ಅಂಚಿಗೆ ಬರುತ್ತದೆ. ಕೈಯನ್ನು ಪಕ್ಕೆಗೆ ಒತ್ತಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು, ಬುಟ್ಟಿಗೆ ಮೈ ತಾಗಿಸದೆ ನಿಲ್ಲಬೇಕು. ಬರ್ನರ್ ಗರ್ಜಿಸುವಾಗ ಬೇಡ. ಅದು ನಿಂತ ಕೂಡಲೇ ಒಂದು ನಿಶ್ಶಬ್ದ ಬರುತ್ತದೆ, ಕೆಳಗಿನ ನಾಯಿ ಬೊಗಳುವುದೂ ಕೇಳುವಷ್ಟು. ಆ ಸಂದಿನಲ್ಲಿ ಶಟರ್ ಒತ್ತಬೇಕು. ಸೂರ್ಯ ಮೇಲೆ ಬಂದ ಮೇಲೆ ಶಟರ್ 1/500ಕ್ಕಿಂತ ಕೆಳಗೆ ಇಳಿಸುವುದು ಬೇಡ, ಅದಕ್ಕೂ ಮುಂಚಿನ ಕತ್ತಲಲ್ಲಿ ಐಎಸ್ಓ ಏರಿಸಿ ಕಾಳು ಕಾಳಾದರೂ ಚಿಂತೆಯಿಲ್ಲ. ಟ್ರೈಪಾಡು ಮನೆಯಲ್ಲೇ ಇರಲಿ.

ಇನ್ನು ನನ್ನ ಲಾಡಿಯ ಕಥೆ. ಬಲೂನಿನಿಂದ ಲೆನ್ಸಿನ ಮುಚ್ಚಳ ಬಿದ್ದರೂ ಕೆಳಗಿರುವವನಿಗೆ ಅದು ಗುಂಡೇ. ಮೊಬೈಲು ಬಿದ್ದರೆ ಕೇಳಲೇಬೇಡಿ. ಕುತ್ತಿಗೆಗೆ ಹಾಕಿದ ಸ್ಟ್ರಾಪು, ಬಗ್ಗಿ ಕೈ ಚಾಚಿದಾಗ ಅಡ್ಡಿಯಾಗುತ್ತದೆ, ಜನ ಅದನ್ನು ತೆಗೆದುಬಿಡುತ್ತಾರೆ, ಅಲ್ಲೇ ಅನಾಹುತ. ನಾನು ಪೈಜಾಮದ ಲಾಡಿಯ ಒಂದು ತುದಿಯನ್ನು ಕ್ಯಾಮೆರಾದ ಬಳೆಗೂ ಇನ್ನೊಂದು ತುದಿಯನ್ನು ಬೆಲ್ಟಿಗೂ ಬಿಗಿದಿದ್ದೆ. ಲೆನ್ಸಿನ ಹುಡ್ಡು ತಿರುಗಿ ಕಳಚದಿರಲಿ ಅಂತ ಎಲೆಕ್ಟ್ರಿಕಲ್ ಅಂಗಡಿಯ ಕಪ್ಪು ಟೇಪು ಸುತ್ತಿದ್ದೆ. ಮುಚ್ಚಳವೆಲ್ಲ ಜಿಪ್ಪಿರುವ ಜೇಬಿಗೆ. ಮಗನಿಗೆ ಮಾನ ಹೋಯಿತು, ಬುಟ್ಟಿಯ ಆ ತುದಿಗೆ ಮುಖ ತಿರುಗಿಸಿ ನಿಂತ. ಪೈಲಟ್ಟು ಮಾತ್ರ ಲಾಡಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿದ. ಶ್ರುತಿಯ ಮೊಬೈಲಿನ ಕವರಿಗೆ ತೂತು ಇದ್ದರೆ ಅದರಲ್ಲಿ ಗಟ್ಟಿ ದಾರ ಪೋಣಿಸಿ ಮಣಿಕಟ್ಟಿಗೆ ಕಟ್ಟಿಕೊಳ್ಳಲಿ. ಬುಟ್ಟಿಯ ಹಗ್ಗಗಳಿಗೆ ಮಾತ್ರ ಏನನ್ನೂ ಕಟ್ಟಕೂಡದು, ಅವು ಪೈಲಟ್ಟಿನ ಆಸ್ತಿ. ಸೆಲ್ಫಿ ಕೋಲು ಚಾಚುವುದಿದ್ದರೂ ಅವನನ್ನು ಕೇಳಿಯೇ. ಮೇಲೆ ಚಾಚಿದರೆ ಉರಿ, ಪಕ್ಕಕ್ಕೆ ಚಾಚಿದರೆ ಹಗ್ಗ.

ಲೆನ್ಸು ಬದಲಾಯಿಸುವ ಆಸೆಯನ್ನೂ ನೆಲದ ಮೇಲೇ ಬಿಟ್ಟು ಹತ್ತಬೇಕು. ಒಂದು ಜೂಮ್ ಸಾಕು.

"ಮೂಲೆ ಹಿಡ್ಕೋ ಅಂತ ಹೇಳಿದೀನಿ," ಅಂದರು ಸರೋಜಮ್ಮ. ಬಸ್ಸಿನ ಕಿಟಕಿ ಸೀಟಿಗೆ ಕರ್ಚೀಫು ಹಾಕುವ ಅನುಭವ ಮಾತಾಡುತ್ತಿತ್ತು. ಮೂಲೆ ಒಳ್ಳೆಯದೇ, ಎರಡು ಕಡೆ ಕಾಣುತ್ತದೆ. ಸಿಗದಿದ್ದರೂ ಜಗಳ ಬೇಡ. ಬಲೂನಿನ ಬದಿಯಲ್ಲಿ ಗಾಳಿ ಬಿಡುವ ಕಿಂಡಿಗಳಿರುತ್ತವೆ, ಹಗ್ಗ ಎಳೆದರೆ ಇಡೀ ಬಲೂನು ನಿಧಾನವಾಗಿ ತನ್ನ ಸುತ್ತ ತಿರುಗುತ್ತದೆ. ಪೈಲಟ್ಟು ಎಲ್ಲರಿಗೂ ಒಂದೊಂದು ಸುತ್ತು ತೋರಿಸುತ್ತಾನೆ. ಕಂಡದ್ದು ಚೆನ್ನಾಗಿದ್ದರೆ ತಕ್ಷಣ ತೆಗೆಯಬೇಕು, ಮುಂದಿನ ಸುತ್ತು ಬರುವ ಹೊತ್ತಿಗೆ ಬಲೂನು ಬೇರೆ ಕಣಿವೆಯ ಮೇಲಿರುತ್ತದೆ.

ನನ್ನನ್ನು ಕೇಳಿದರೆ ಅತ್ಯಂತ ಒಳ್ಳೆಯ ಫೋಟೋ ಹಾರುವ ಮುಂಚೆಯೇ ಸಿಗುತ್ತದೆ. ಕತ್ತಲಿರುವಾಗಲೇ ಕರೆದುಕೊಂಡು ಹೋಗಿ ಮೈದಾನದಲ್ಲಿ ಬಿಡುತ್ತಾರೆ. ನೆಲದ ಮೇಲೆ ಉದ್ದಕ್ಕೆ ಮಲಗಿರುವ ಬಟ್ಟೆಯ ಬಾಯಿಗೆ ದೊಡ್ಡ ಫ್ಯಾನ್ ಇಟ್ಟು ಮೊದಲು ತಣ್ಣನೆ ಗಾಳಿ ತುಂಬುತ್ತಾರೆ. ಆಮೇಲೆ ಬೆಂಕಿ. ಬೆಂಕಿ ಹೊತ್ತಿದಾಗ ಇಡೀ ಬಲೂನು ಒಳಗಿನಿಂದ ಹೊಳೆಯುತ್ತದೆ, ನಿಂತ ಮರುಕ್ಷಣ ಕಪ್ಪು. ಈ ಬರ್ನರಿನಲ್ಲಿ ಎರಡು ಬಗೆಯ ಉರಿ. ಮಾಮೂಲಿದು ಗ್ಯಾಸು ಆವಿಯಾಗಿ ಉರಿಯುವ ನೀಲಿ ಉರಿ. ಶಾಖ ಜೋರು, ಸದ್ದು ಜೋರು, ಬೆಳಕು ಅಷ್ಟಕ್ಕಷ್ಟೆ. ಇನ್ನೊಂದರಲ್ಲಿ ಗ್ಯಾಸು ದ್ರವವಾಗಿಯೇ ಬಂದು ಹತ್ತಿಕೊಳ್ಳುತ್ತದೆ. ಹಳದಿ ಉರಿ, ಸದ್ದು ಕಡಿಮೆ. ಇಂಗ್ಲೆಂಡಿನ ಕಡೆ ಇದನ್ನು ದನದ ಬರ್ನರ್ ಅಂತಲೇ ಕರೆಯುತ್ತಾರೆ, ಹೊಲದಲ್ಲಿ ಮೇಯುವ ದನ ಬೆದರದಿರಲಿ ಅಂತ ಅವುಗಳ ಮೇಲೆ ಹೋಗುವಾಗ ಇದನ್ನು ಹಚ್ಚುವುದರಿಂದ.

"ಪಾಪ, ದನದ ಯೋಚನೆ ಮಾಡ್ತಾರಲ್ಲ," ಅಂದರು ಸರೋಜಮ್ಮ.

ಫೋಟೋದವನಿಗೆ ಬೇಕಾದದ್ದು ಆ ಹಳದಿ ಉರಿಯೇ. ಬಟ್ಟೆಗೆ ಬಣ್ಣ ಬರುವುದು ಅದರಿಂದ. ಕ್ಯಾಮೆರಾ ಬೆಂಕಿಯನ್ನು ನೋಡಿ ಬೆಳಕಿನ ಲೆಕ್ಕ ಹಾಕಿದರೆ ಬಲೂನು ಕಪ್ಪು ಗುಡ್ಡೆಯಾಗುತ್ತದೆ. ಕತ್ತಲನ್ನು ನೋಡಿ ಲೆಕ್ಕ ಹಾಕಿದರೆ ಎಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ. ಮೊಬೈಲಿನಲ್ಲಾದರೆ, ಹೊಳೆಯುತ್ತಿರುವ ಬಟ್ಟೆಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಬೆಳಕನ್ನು ಅಲ್ಲಿಗೇ ಲಾಕ್ ಮಾಡಿಕೊಂಡು ಮುಂದಿನ ಉರಿಗೆ ಕಾಯಬೇಕು. ಫ್ಲ್ಯಾಷ್ ಆರಿಸಿಡಬೇಕು. ಅಷ್ಟು ದೊಡ್ಡ ಬಲೂನಿಗೆ ಮೊಬೈಲಿನ ಫ್ಲ್ಯಾಷು ಏನೂ ಸಾಲದು, ಕತ್ತಲಲ್ಲಿ ಕೆಲಸ ಮಾಡುವವರ ಕಣ್ಣು ಕುಕ್ಕುತ್ತದೆ ಅಷ್ಟೆ.

ಮೇಲೆ ಹೋದ ಮೇಲೆ ಎಲ್ಲರೂ ದೂರ ನೋಡುತ್ತಾರೆ. ದೂರದಲ್ಲಿ ಮಂಜು ಮಂಜು ನೀಲಿ, ಜೂಮ್ ಮಾಡಿದಷ್ಟೂ ಜಾಸ್ತಿ. ಕೆಳಗೆ ನೋಡಬೇಕು, ನೇರ ಕೆಳಗೆ. ಕಪಡೋಕಿಯಾದ ನೆಲ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ಮಳೆ ಗಾಳಿ ಕೊರೆದು ಕೊರೆದು ಟೋಪಿ ಇಟ್ಟ ಕಂಬಗಳಂತೆ ನಿಲ್ಲಿಸಿದೆ. ಸೂರ್ಯ ಆಗತಾನೇ ಎದ್ದಿರುವಾಗ ಒಂದೊಂದು ಕಂಬಕ್ಕೂ ಅದರ ಹಲವು ಪಟ್ಟು ಉದ್ದದ ನೆರಳು. ಫೋಟೋದಲ್ಲಿ ಆ ನೆರಳೇ ಕಂಬದ ಆಕಾರ ಹೇಳುತ್ತದೆ. ಸ್ವಲ್ಪ ಹೊತ್ತು ಕಳೆಯಿತೋ, ಎಲ್ಲ ಚಪ್ಪಟೆ. ಫ್ರಾನ್ಸಿನ ಯಾನ್ ಆರ್ತ್ಯೂಸ್ ಬೆರ್ತ್ರಾಂ ಕೆನ್ಯಾದಲ್ಲಿ ಸಿಂಹಗಳ ಬೆನ್ನು ಹತ್ತಿ ಅಧ್ಯಯನ ಮಾಡುತ್ತ, ಹೊಟ್ಟೆಪಾಡಿಗೆ ಬಲೂನು ಪೈಲಟ್ಟಾಗಿದ್ದವರು. ಹೀಗೆ ಕೆಳಗೆ ನೋಡುವ ಚಟ ಅವರಿಗೆ ಹತ್ತಿದ್ದು ಅಲ್ಲಿ. ಮುಂದೆ ಆಕಾಶದಿಂದ ಭೂಮಿಯನ್ನು ತೆಗೆದ ಚಿತ್ರಗಳಿಗೇ ಅವರು ಲೋಕಪ್ರಸಿದ್ಧರಾದರು.

ಕೆಳಗೆ ನೋಡುವವರಿಗೆ ಇನ್ನೊಂದು ಬಳುವಳಿ ಉಂಟು. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ನಮ್ಮದೇ ಬಲೂನಿನ ನೆರಳು ನೆಲದ ಮೇಲೆ ಜಾರುತ್ತಿರುತ್ತದೆ. ಬೆಳಗಿನ ಇಬ್ಬನಿ ಇದ್ದರೆ ಆ ನೆರಳಿನ ಬುಟ್ಟಿಯ ಸುತ್ತ, ನಮ್ಮ ತಲೆ ಇರುವ ಕಡೆ, ಹುಲ್ಲು ಉಳಿದೆಲ್ಲ ಕಡೆಗಿಂತ ಬೆಳ್ಳಗೆ ಹೊಳೆಯುತ್ತದೆ. ಇಬ್ಬನಿಯ ಹನಿ ಬಂದ ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುವುದರಿಂದ ಹಾಗೆ. ದೇವರ ಪಟದ ಪ್ರಭಾವಳಿ ಪುಕ್ಕಟೆ. ನನ್ನ ಪಕ್ಕದಲ್ಲಿದ್ದ ಒಬ್ಬ ಹೆಂಗಸು, ನೆರಳು ಬಂದು ಫೋಟೋ ಕೆಟ್ಟಿತು ಅಂತ ಆಚೆ ಕಡೆಗೆ ಕ್ಯಾಮೆರಾ ತಿರುಗಿಸಿದಳು. ನಾನು ಲಾಡಿ ಬಿಗಿಮಾಡಿಕೊಂಡು ಅದನ್ನೇ ತೆಗೆದೆ.

ಇಳಿಯುವುದು ಪೈಲಟ್ಟಿನ ಹೊತ್ತು, ಕ್ಯಾಮೆರಾದ್ದಲ್ಲ. ಅವನು ಹೇಳಿದ ತಕ್ಷಣ ಎಲ್ಲ ಚೀಲಕ್ಕೆ ಹಾಕಿ, ಚೀಲ ಎದೆಗವಚಿ, ಮಂಡಿ ಮಡಿಸಿ, ಒಳಗಿನ ಹಗ್ಗದ ಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅಲ್ಲಿನ ಪೈಲಟ್ಟುಗಳು ಟ್ರಕ್ಕಿನ ಹಿಂದಿನ ಟ್ರೇಲರಿನ ಮೇಲೇ ಬುಟ್ಟಿ ಕೂರಿಸುವಷ್ಟು ನುರಿತವರು. ಗಾಳಿ ಸರಿಯಿಲ್ಲದ ದಿನ ಬಲೂನೇ ಏಳುವುದಿಲ್ಲ, ಸರ್ಕಾರದ ವಿಮಾನಯಾನ ಇಲಾಖೆಯ ಒಪ್ಪಿಗೆ ಬೇಕು. ಅದಕ್ಕೇ ಊರು ತಲುಪಿದ ಮೊದಲ ಬೆಳಗಿಗೇ ಟಿಕೆಟ್ಟು ಮಾಡಿಸಬೇಕು, ರದ್ದಾದರೆ ಕೈಯಲ್ಲಿ ಇನ್ನೊಂದು ಬೆಳಗಿರುತ್ತದೆ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಶ್ರುತಿಯ ವಿಡಿಯೋ ಕಾಲ್ ಬಂತು. ಸರೋಜಮ್ಮ ಮೊಬೈಲನ್ನು ಕಾಂಪೌಂಡಿನ ಮೇಲಿಂದ ನನ್ನ ಕಡೆಗೇ ತಿರುಗಿಸಿದರು.

"ಮಾಮಾ, ನಂಗೆ ಒಂದೇ ಒಂದು ಫೋಟೋ ಬೇಕು. ಬಲೂನಲ್ಲಿ ನಿಂತಿರ್ತೀನಿ, ಮೈಸೂರು ಸಿಲ್ಕ್ ಉಟ್ಟಿರ್ತೀನಿ, ಸೆರಗು ಗಾಳಿಗೆ ಹಾರ್ತಿರತ್ತೆ."

"ಹಾರಲ್ಲಮ್ಮ."

"ಅಷ್ಟು ಎತ್ತರದಲ್ಲಿ ಗಾಳಿ ಇರಲ್ವಾ?"

ಗಾಳಿ ಇರುತ್ತದೆ, ಆದರೆ ಬಲೂನು ಗಾಳಿಯ ಜೊತೆಗೇ, ಅದರ ವೇಗದಲ್ಲೇ ಹೋಗುತ್ತಿರುತ್ತದೆ. ಮುಖಕ್ಕೆ ಬೀಸುವುದೇ ಇಲ್ಲ. ಕೂದಲು ಕೂಡ ಕದಲುವುದಿಲ್ಲ. ದೋಮಿಯೆಯ ಚಿತ್ರದ ಟೋಪಿ ಹಾರಿದ್ದು ನಾದಾರನ ಬಲೂನಿಗೆ ಹಗ್ಗ ಕಟ್ಟಿದ್ದರೆ ಮಾತ್ರ ನಿಜ. ಬಿಟ್ಟ ಬಲೂನಾಗಿದ್ದರೆ ಟೋಪಿ ತಲೆಯ ಮೇಲೇ ಇರುತ್ತಿತ್ತು. ಚಿತ್ರದಲ್ಲಿ ಹಗ್ಗ ಕಾಣುವುದಿಲ್ಲ, ಅದೇ ನನ್ನ ತಕರಾರು.

"ಮತ್ತೆ ಇನ್‌ಸ್ಟಾಗ್ರಾಂನಲ್ಲಿ ಎಲ್ಲಾರ್ದೂ ಗೌನು ಹಾರ್ತಿರತ್ತಲ್ಲ?"

ಅವೆಲ್ಲ ನೆಲದ ಮೇಲೆ ತೆಗೆದವು. ಹಿಂದೆ ನೂರಾರು ಬಲೂನು ಹಾರುತ್ತಿರುವಾಗ ಮಹಡಿ ಮೇಲೋ ಗುಡ್ಡದ ಅಂಚಿನಲ್ಲೋ ನಿಲ್ಲಿಸುತ್ತಾರೆ. ಒಬ್ಬ ಬಟ್ಟೆಯ ತುದಿ ಹಿಡಿದು ಮೇಲಕ್ಕೆ ಎಸೆದು, ಅದು ಕೆಳಗೆ ಬೀಳುವಷ್ಟರಲ್ಲಿ ಫೋಟೋದಿಂದ ಆಚೆ ಓಡಿಹೋಗುತ್ತಾನೆ. ಹಾರುವುದು ಆ ಎಸೆತಕ್ಕೆ.

"ಅಂದ್ರೆ ನಿಮ್ಮ ಅಳಿಯಂದ್ರು ಸೆರಗು ಎಸೆದು ಓಡ್ಬೇಕು," ಅಂದೆ ಸರೋಜಮ್ಮನಿಗೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಎಸೀತಾರೆ ಅಣ್ಣಾ. ಓಡೋದೇ ಅನುಮಾನ."